ಕುರ್ಚಿ ಗೋಡೆಯ ಕಡೆ ತಿರುಗಿಸತಕ್ಕದ್ದು

ನನ್ನ ಕಿವಿಯ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ಉಳಿದವರ ಬಾಯಿಯ ಬಗ್ಗೆ. ಈಗಿನ ಕಾಲದಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಕ್ಲಾಸ್ ಇತ್ತು. ಸಿಸ್ಟರ್ ಹಾಲಿನ ಕೊನೆಯ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದರು. ಸ್ಟೇಜಿನ ಮೇಲೆ ನಿಂತ ನಮ್ಮ ಒಂದೊಂದು ಅಕ್ಷರವೂ ಅಲ್ಲಿಗೆ ಮುಟ್ಟಿದರೆ ಮಾತ್ರ ತಲೆಯಾಡಿಸುತ್ತಿದ್ದರು. ಈಗ ಎದುರಿಗೇ ಕೂತವರ ಮಾತು ಟೇಬಲ್ ದಾಟುವುದಿಲ್ಲ. ತಪ್ಪು ಯಾರದು ಅಂತ ನೀವೇ ಹೇಳಿ.

ನನ್ನ ಕಡೆ ಸಾಕ್ಷಿಗಳೂ ಇದ್ದವು. ಯಲಹಂಕದ ಕಡೆಯಿಂದ ಮೇಲೇಳುವ ವಿಮಾನಗಳೆಲ್ಲ ನನಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದವು. ಅದಕ್ಕಿಂತ ದೊಡ್ಡ ಸಾಕ್ಷಿ ಬೀರುವಿನಲ್ಲಿತ್ತು. ನಾನು ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಆಗಿದ್ದವಳು. ಲೆಫ್ಟಿನೆಂಟ್ ಕರ್ನಲ್ ಆಗಿ ರಿಟೈರ್ ಆದೆ. ಆ ದಿನ ನನ್ನ ಮೆಡಿಕಲ್ ಕೆಟಗರಿ 'ಶೇಪ್ ಒನ್'. ಅಂದರೆ ಮನಸ್ಸು, ಕಿವಿ, ಕೈಕಾಲು, ಮೈ, ಕಣ್ಣು ಐದೂ ಫಸ್ಟ್ ಕ್ಲಾಸ್ ಎಂದು ಸರ್ಕಾರವೇ ಬರೆದುಕೊಟ್ಟಿದೆ. ಆ ಕಾಗದದ ಮೇಲೆ ಎಕ್ಸ್‌ಪೈರಿ ಡೇಟ್ ಏನೂ ಇಲ್ಲ. ನಾನು ಎರಡೂ ಕಡೆ ತಿರುಗಿಸಿ ನೋಡಿದ್ದೇನೆ.

ತೊಂದರೆ ಎಲ್ಲ ನನ್ನ ಯಜಮಾನರು ಮೂರ್ತಿಯವರದು. ಅವರು ಜಾಲಹಳ್ಳಿಯ ಗಡಿಯಾರದ ಕಾರ್ಖಾನೆಯಲ್ಲಿ, ವಾಚ್ ಜೋಡಿಸುವ ವಿಭಾಗದಲ್ಲಿದ್ದವರು. ಅಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿರಲಿಲ್ಲವಂತೆ. ಟಿಕ್ ಟಿಕ್ ಕೇಳಿಸಬೇಕಲ್ಲ. ಆ ಅಭ್ಯಾಸ ರಿಟೈರ್ ಆಗಲೇ ಇಲ್ಲ. ನನ್ನದು ವಾರ್ಡಿನ ದನಿ, ಅವರದು ವಾಚಿನ ದನಿ. ಹೀಗೇ ನಮ್ಮ ಸಂಸಾರ.

ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ನನಗೆ ಪೇಪರ್ ಓದಿ ಹೇಳುವುದು ಮೂರ್ತಿಯವರ ನಿತ್ಯದ ಕೆಲಸ. ಇದಕ್ಕೆ ಒಂದು ಹಿನ್ನೆಲೆ ಇದೆ. ಪೋಸ್ಟಿಂಗ್ ಮೇಲೆ ಪೋಸ್ಟಿಂಗ್ ಅಂತ ನಾನು ಊರೂರು ಸುತ್ತುತ್ತಿದ್ದಾಗ ಅವರು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಒಬ್ಬರೇ ಕೂತು ಪೇಪರ್ ಓದಿದವರು. ಬಹಳ ವರ್ಷ. ಇಬ್ಬರೂ ಒಟ್ಟಿಗೆ ಕೂತು ಓದುವುದು ಅಂತ ಆದದ್ದು ನನ್ನ ಪೆನ್ಶನ್ ಜೊತೆಗೆ. ನನ್ನ ಲೆಕ್ಕದಲ್ಲಿ ಪೆನ್ಶನ್‌ಗಿಂತ ಅದೇ ದೊಡ್ಡ ಬೆನಿಫಿಟ್.

ಆ ಓದು ಎಷ್ಟೋ ವರ್ಷಗಳಿಂದ ನನಗೆ ಸರಿಯಾಗಿ ತಲುಪುತ್ತಿರಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಪುಟ ತಿರುಗುತ್ತಿತ್ತು, ನಾನು ಅಂದಾಜಿನ ಮೇಲೆ ಒಂದು 'ಹೌದಾ' ಹಾಕುತ್ತಿದ್ದೆ. ಒಂದು ದಿನ ಯಾರೋ ತೀರಿಹೋದ ಸುದ್ದಿಗೆ "ವೆರಿ ಗುಡ್" ಅಂದುಬಿಟ್ಟೆನಂತೆ. ಆಮೇಲೆ ಜಾಗ್ರತೆಯಾಗಿ ಸುಮ್ಮನೆ ಇರುವುದು ಕಲಿತೆ.

ವಿಷಯ ಹೊರಗೆ ಬಿದ್ದದ್ದು ಕುಕ್ಕರಿನಿಂದ. ಅವತ್ತು ಅಡುಗೆಮನೆಯಲ್ಲೇ ಸೊಪ್ಪು ಬಿಡಿಸುತ್ತಾ ಮೂರನೇ ವಿಸಿಲ್‌ಗೆ ಕಾಯುತ್ತಿದ್ದೆ. ಪಕ್ಕದ ಮನೆಯ ಶಮೀಮ್ ಹಿತ್ತಲ ಬಾಗಿಲಿನಿಂದ ಓಡಿಬಂದು ಗ್ಯಾಸ್ ಆಫ್ ಮಾಡಿದಳು.

"ಏನ್ ಕರ್ನಲ್ ಆಂಟಿ, ಹನ್ನೊಂದು ಸಲ ಕೂಗ್ತು ಕುಕ್ಕರು. ನಾನು ನಮ್ಮನೇಲಿ ಕೂತ್ಕೊಂಡು ಎಣಿಸ್ದೆ. ಇನ್ನೊಂದ್ ಸಲ ಕೂಗಿದ್ರೆ ಅದೇ ಎದ್ದು ಬರ್ತಿತ್ತು ನಮ್ಮನೆಗೆ."

"ಒಂದೇ ಸಲ ಕೂಗಿದ್ದು ಕಣೇ."

"ಅಲ್ಲಾ, ನಿಮ್ಮ ಅನ್ನ ನೋಡಿ ಒಂದ್ಸಲ."

ನೋಡಿದೆ. ಅನ್ನ ಅಂತ ಕರೆಯುವ ಹಾಗಿರಲಿಲ್ಲ. ಮಧ್ಯಾಹ್ನ ಅದನ್ನೇ ಸ್ಪೂನಿನಲ್ಲಿ ತಿಂದೆವು. ತಿನ್ನುತ್ತಾ ಮೂರ್ತಿಯವರು ಪೇಪರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ನನ್ನ ಮುಂದೆ ತಳ್ಳಿದರು: 'ಒಂದ್ಸಲ ಕಿವಿ ತೋರಿಸಬಾರದಾ?'

"ತೋರಿಸ್ತೀನಿ ಕಣ್ರೀ," ಅಂದೆ. "ಟೆಸ್ಟ್ ಮಾಡ್ಸಿ, ಸರ್ಟಿಫಿಕೇಟ್ ತಂದು ನಿಮ್ಮ ಕೈಗೇ ಕೊಡ್ತೀನಿ."

ಮಾಜಿ ಸೈನಿಕರ ಪಾಲಿಕ್ಲಿನಿಕ್‌ಗೆ ಹೋಗುವುದೆಂದರೆ ನನಗೆ, ನಿಜ ಹೇಳಬೇಕೆಂದರೆ, ಹಬ್ಬ. ಕಾರಣ ಇಷ್ಟೇ. ಕೌಂಟರಿನಲ್ಲಿ ಕೂತವರು ಯಾವಾಗಲೂ ಮೂರ್ತಿಯವರ ಕಡೆ ಕೈ ಚಾಚುತ್ತಾರೆ.

"ಕಾರ್ಡ್ ಕೊಡಿ ಸಾರ್. ಯಾವ ಯುನಿಟ್ ತಾವು?"

ಮೂರ್ತಿಯವರು ಪ್ರತಿ ಸಲವೂ ಅದೇ ಶಾಂತ ದನಿಯಲ್ಲಿ, ಕೇಳಿಸದಿದ್ದರೂ ತುಟಿ ನೋಡಿಯೇ ನನಗೆ ಬಾಯಿಪಾಠ ಆಗಿರುವ ಮಾತು ಹೇಳುತ್ತಾರೆ: "ಯುನಿಟ್ ಅವರದು. ನಾನು ಡಿಪೆಂಡೆಂಟು."

ಆಗ ಕೌಂಟರಿನ ಆ ರಿಟೈರ್ಡ್ ಹವಾಲ್ದಾರರು ಕಾರ್ಡಿನ ಮೇಲಿನ ರ‍್ಯಾಂಕ್ ನೋಡಿ ಎದ್ದು ನಿಲ್ಲುತ್ತಾರೆ. "ಜೈ ಹಿಂದ್ ಮೇಡಂ." ಆ ಒಂದು ಕ್ಷಣಕ್ಕಾಗಿ ನಾನು ಜ್ವರ ಇಲ್ಲದೆಯೂ ಪಾಲಿಕ್ಲಿನಿಕ್‌ಗೆ ಹೋಗಬಲ್ಲೆ. ಎದ್ದು ನಿಂತವರು ಟೋಕನ್ ಮಾತ್ರ ಮೂವತ್ತೊಂದನೆಯದೇ ಕೊಟ್ಟರು, ಅದು ಬೇರೆ ಮಾತು.

ಡಾಕ್ಟರು ಎರಡೂ ಕಿವಿಗೆ ಲೈಟ್ ಬಿಟ್ಟು ನೋಡಿ, ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ರೆಫರಲ್ ಬರೆದರು. ಅಲ್ಲಿ ಕಾವ್ಯ ಎನ್ನುವ ಚುರುಕಾದ ಹುಡುಗಿ ಆಡಿಯಾಲಜಿಸ್ಟ್. ನನ್ನನ್ನು ಒಂದು ಸಣ್ಣ ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟಳು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಅಷ್ಟೇ.

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಈ ಕೋಣೆ ನನಗೆ ಹೊಸದಲ್ಲ. ಸರ್ವಿಸಿನಲ್ಲಿ ಎರಡು ವರ್ಷ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಇದ್ದೆ. ಸೈನ್ಯಕ್ಕೆ ಸೇರಲು ಬಂದ ಹುಡುಗರಿಗೆ ಇದೇ ಪರೀಕ್ಷೆ. ಕಿವಿ ಮಂದವಿದ್ದ ಹುಡುಗರು ಪಾಸಾಗಲು ಏನು ಮಾಡುತ್ತಿದ್ದರು ಗೊತ್ತೇ? ಗಾಜಿನಾಚೆ ಕೂತವನ ಕೈ ನೋಡುತ್ತಿದ್ದರು. ಅವನು ಗುಂಡಿ ಒತ್ತಿದರೆ ಇವರೂ ಒತ್ತುವುದು. ಅದನ್ನು ಮೊದಲು ಕಂಡುಹಿಡಿದವಳು ನಾನೇ. ಅಂಥವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದೆ. ಒಬ್ಬರನ್ನೂ ಬಿಟ್ಟವಳಲ್ಲ.

ಅಂಥ ನಾನು, ಗಾಜಿನಾಚೆ ನೋಡಿದೆ.

ಕಾವ್ಯಳ ಕೈ ಕಾಣಿಸುತ್ತಿರಲಿಲ್ಲ, ಮೆಶೀನಿನ ಹಿಂದೆ ಇತ್ತು. ಆದರೆ ಒತ್ತಿದಾಗಲೆಲ್ಲ ಅವಳ ಎಡ ಹುಬ್ಬು ಒಂದಿಷ್ಟು ಮೇಲೇಳುತ್ತಿತ್ತು. ಪಾಪ, ಅವಳಿಗೇ ಗೊತ್ತಿಲ್ಲದ ಅಭ್ಯಾಸ. ಹುಬ್ಬು ಎದ್ದಿತು, ನಾನು ಒತ್ತಿದೆ. ಎದ್ದಿತು, ಒತ್ತಿದೆ. ನಡುವೆ ಎರಡು ಸಲ ಬೇಕೆಂದೇ ತಡ ಮಾಡಿದೆ, ಸಹಜವಾಗಿರಲಿ ಅಂತ. ಅನುಭವ ಅಂದರೆ ಇದೇ ನೋಡಿ.

"ಮೇಡಂ, ನಂಬೋಕೇ ಆಗ್ತಿಲ್ಲ. ಇಪ್ಪತ್ತೈದು ವರ್ಷದವರ ಕಿವಿ ನಿಮ್ಮದು," ಅಂದಳು ಕಾವ್ಯ. ಅವಳು ಹಾಗಂದದ್ದನ್ನು ಆಮೇಲೆ ಮೂರ್ತಿಯವರು ಬರೆದು ತೋರಿಸಿದರು.

ಸರ್ಟಿಫಿಕೇಟ್ ಬಂತು. ಬಾದಾಮಿ ಬರ್ಫಿಯೂ ಬಂತು. ಸೋಲದೇವನಹಳ್ಳಿ ದಾರಿಯಲ್ಲಿರುವ ನಮ್ಮ ಲೇಔಟಿನಲ್ಲಿ ಇರುವವರೆಲ್ಲ ಹೆಚ್ಚಾಗಿ ಮಾಜಿ ಸೈನಿಕರೇ. ಮನೆಮನೆಗೆ ನಾನೇ ಹೋಗಿ ಹಂಚಿದೆ. ಶಮೀಮ್ ಎರಡು ತುಂಡು ತೆಗೆದುಕೊಂಡು ಮೆಲ್ಲಗೆ ಏನೋ ಅಂದಳು. ಏನಂದಳೋ ಕೇಳಿಸಲಿಲ್ಲ. ಆದರೆ ಇಪ್ಪತ್ತೈದು ವರ್ಷದವರ ಕಿವಿ ಇರುವವಳು ಏನಂದೆ ಅಂತ ಕೇಳುವುದು ಹೇಗೆ? ನಕ್ಕು ಮುಂದೆ ಹೋದೆ.

ಒಂದು ವಾರ ಕಳೆಯಿತು. ಬೆಳಗಿನ ಮೇಜಿನ ಮೇಲೆ ನನ್ನ ಕಾಫಿ ಮಾತ್ರ ಇರತೊಡಗಿತು. ಮೂರ್ತಿಯವರು ಪೇಪರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ವಾಕಿಂಗ್ ಅಂತ ಹೊರಟುಬಿಡುತ್ತಿದ್ದರು. ವಾಕಿಂಗ್‌ಗೆ ಪೇಪರ್ ಯಾಕೆ? ಒಂದು ದಿನ ಹಿಂದೆಯೇ ಹೋದೆ.

ಲೇಔಟಿನ ಗೇಟಿನಲ್ಲಿ ವಾಚ್‌ಮನ್ ಬಸಣ್ಣ ಸ್ಟೂಲಿನ ಮೇಲೆ ಕೂತಿದ್ದ. ಪಕ್ಕದ ಕಲ್ಲಿನ ಮೇಲೆ ಕೂತು ಮೂರ್ತಿಯವರು ಅವನಿಗೆ ಪೇಪರ್ ಓದುತ್ತಿದ್ದರು. ಬಸಣ್ಣ ಒಂದೊಂದು ಸಾಲಿಗೂ ತಲೆಯಾಡಿಸುತ್ತಿದ್ದ. ಡ್ಯೂಟಿಯ ಮೇಲಿದ್ದವನು, ಎದ್ದು ಹೋಗುವ ಹಾಗೂ ಇರಲಿಲ್ಲ ಅನ್ನಿ. ಆದರೂ ನನ್ನ ಬೆನಿಫಿಟ್ ಬೇರೆಯವರ ಪಾಲಾಗಿತ್ತು.

ಊಟದ ಹೊತ್ತಿಗೆ ಕೇಳಿಯೇಬಿಟ್ಟೆ. ಮದುವೆಯಾದಾಗಿನಿಂದ ಮೊದಲ ಸಲವೋ ಏನೋ, ಮೂರ್ತಿಯವರು ದನಿ ಏರಿಸಿದರು. ಅದಕ್ಕೇ ಒಂದೊಂದು ಮಾತೂ ಕೇಳಿಸಿತು.

"ಮೊದಲು ನೀನು ಸುಮ್ಮನಿದ್ರೆ, ಪಾಪ ಕೇಳಿಸ್ತಿಲ್ಲ ಅಂದ್ಕೋತಿದ್ದೆ. ಈಗ ಕಿವಿ ಚೆನ್ನಾಗಿದೆ ಅಂತ ನೀನೇ ಊರಿಗೆಲ್ಲ ಬರ್ಫಿ ಹಂಚಿದೀಯ. ಕೇಳಿಸಿದ್ರೂ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ ಅಂದ್ರೆ ಏನರ್ಥ? ನನ್ನ ಮಾತು ಸಾಕಾಗಿದೆ ಅಂತ ತಾನೆ? ಬಸಣ್ಣ ಹೂಂ ಅಂತಾನೆ."

ಆಮೇಲೆ ತಟ್ಟೆ ತೆಗೆದುಕೊಂಡು ತೊಳೆಯಲು ಹೋದರು.

ಕಾನ್ವೆಂಟಿನಲ್ಲಿ ಪಾದ್ರಿಗಳ ಮುಂದೆ ತಪ್ಪೊಪ್ಪಿಕೊಳ್ಳಲು, ಕನ್ಫೆಷನ್‌ಗೆ ಹೋಗುವ ಹುಡುಗಿಯರನ್ನು ಚಾಪೆಲ್ ಹೊರಗೆ ನಿಂತು ನೋಡುತ್ತಿದ್ದೆ. ಎರಡು ನಿಮಿಷದಲ್ಲಿ ಮುಗಿಸಿ ಹೊರಗೆ ಬಂದು ಆಟಕ್ಕೆ ಓಡುತ್ತಿದ್ದರು. ಸುಲಭದ ಕೆಲಸ ಅಂದುಕೊಂಡಿದ್ದೆ. ನನಗೆ ನಾಲ್ಕು ದಿನ ಹಿಡಿಯಿತು. ಅದೂ ಬಾಯಲ್ಲಿ ಹೇಳಲಾಗಲಿಲ್ಲ. ಕ್ರಮಬದ್ಧವಾಗಿ ಬಿಳಿ ಹಾಳೆಯಲ್ಲಿ, ಮಾರ್ಜಿನ್ ಬಿಟ್ಟು, ಪಾಲಿಕ್ಲಿನಿಕ್‌ಗೆ ಅರ್ಜಿ ಬರೆದೆ. ಇಂಗ್ಲಿಷಿನಲ್ಲಿದ್ದ ಅದರ ಸಾರ ಹೀಗೆ:

'ವಿಷಯ: ಶ್ರವಣ ಪರೀಕ್ಷೆಯಲ್ಲಿ ಅರ್ಜಿದಾರಳು ಎಸಗಿದ ಅಕ್ರಮ. ಮಾನ್ಯರೇ, ಕೆಳಗೆ ಸಹಿ ಮಾಡಿರುವ ನಾನು ಸದರಿ ಪರೀಕ್ಷೆಯ ಸಮಯದಲ್ಲಿ ಕಿವಿಯನ್ನು ಬಳಸದೆ ಕಣ್ಣನ್ನು ಬಳಸಿ ತೇರ್ಗಡೆಯಾಗಿರುತ್ತೇನೆ. ಸದರಿ ಫಲಿತಾಂಶವು ನನ್ನ ಕಣ್ಣಿಗೆ ಸಂಬಂಧಿಸಿದ್ದೇ ಹೊರತು ಕಿವಿಗೆ ಸಂಬಂಧಿಸಿದ್ದಲ್ಲ. ಪರೀಕ್ಷೆ ನಡೆಸಿದವರದು ಯಾವುದೇ ತಪ್ಪಿರುವುದಿಲ್ಲ. ಆದ್ದರಿಂದ ಮರುಪರೀಕ್ಷೆಗೆ ಅವಕಾಶ ನೀಡಬೇಕಾಗಿ ಕೋರುತ್ತೇನೆ.'

ಕಳಿಸುವ ಮೊದಲು ಮೂರ್ತಿಯವರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ಸದ್ದಿಲ್ಲದ ಮನುಷ್ಯನಲ್ಲಿ ಹೇಗೆ ಹೇಳುವುದು? ಆಮೇಲೆ ಎದ್ದು ಹೋಗಿ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತರು, ಹೊರಡೋಣ ಅಂತ.

ಪಾಲಿಕ್ಲಿನಿಕ್‌ನ ಮುಖ್ಯಸ್ಥರು ಒಬ್ಬ ರಿಟೈರ್ಡ್ ಕರ್ನಲ್. ಅರ್ಜಿಯನ್ನು ಗಂಭೀರವಾಗಿ ಓದಿದರು. ಮೀಸೆ ಮಾತ್ರ ಒಂದೆರಡು ಸಲ ಅಲುಗಿತು. ಹಸಿರು ಇಂಕಿನಲ್ಲಿ ಷರಾ ಬರೆದು, ಸಹಿ ಹಾಕಿ, ಸೀಲ್ ಒತ್ತಿ ಕೊಟ್ಟರು: 'ಶಿಫಾರಸು ಮಾಡಿದೆ. ಕುರ್ಚಿ ಗೋಡೆಯ ಕಡೆ ತಿರುಗಿಸತಕ್ಕದ್ದು.'

ಕಾವ್ಯ ಆ ಷರಾ ಓದಿದಳು. ನನ್ನನ್ನು ನೋಡಿದಳು. ಹುಬ್ಬು ಎದ್ದಿತು, ಈ ಸಲ ಎರಡೂ.

ಎದುರಿಗೆ ಗೋಡೆ. ಗೋಡೆಯಲ್ಲಿ ಒಂದು ಮೊಳೆ. ಆ ಮೊಳೆಯನ್ನೇ ನೋಡುತ್ತಾ, ಬಟನ್ ಹಿಡಿದು, ಸಾವಧಾನವಾಗಿ ಕೂತೆ. ಒಂದೆರಡು ಗುಂಯ್ ಅನ್ನುವ ದಪ್ಪ ಸದ್ದು ಬಂತು, ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಮೆಶೀನ್ ಕೆಟ್ಟಿರಬೇಕು, ಪಾಪ ರಿಪೇರಿ ಮಾಡುತ್ತಿದ್ದಾಳೆ ಅಂದುಕೊಂಡೆ. ಕಾವ್ಯ ಬಾಗಿಲು ತೆರೆದು ನನ್ನ ಮುಂದೆ ಬಂದು ನಿಂತು ಗಟ್ಟಿಯಾಗಿ ಅಂದಳು:

"ಮುಗೀತು ಮೇಡಂ."

ಒಂದು ಕಾಲದಲ್ಲಿ ಮೂವತ್ತು ಹಾಸಿಗೆಯ ವಾರ್ಡಿನ ಬಾಗಿಲಲ್ಲಿ ನಿಂತು, ಯಾವ ಹಾಸಿಗೆಯಲ್ಲಿ ಉಸಿರು ಬದಲಾಯಿತು ಅಂತ ಹೇಳುತ್ತಿದ್ದ ಕಿವಿ ಇದು. ಗೋಡೆಗೆ ಮುಖ ಮಾಡಿ ಕೂತಿದ್ದ ಆ ಹುಡುಗರ ನೆನಪಾಯಿತು. ಅವರ ಬೆನ್ನು ಮಾತ್ರ ನೋಡಿದ್ದೆ. ಮುಂದೆ ಮೊಳೆ ಇತ್ತೋ ಇಲ್ಲವೋ ಯೋಚಿಸಿರಲಿಲ್ಲ.

ಕಾಗದ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿ, ಮಂಜೂರಾತಿ ಬಂದು, ಹಿಯರಿಂಗ್ ಏಡ್ ಕೈಗೆ ಸಿಗುವಷ್ಟರಲ್ಲಿ ಡಿಸೆಂಬರ್ ಮುಗಿಯುತ್ತಾ ಬಂದಿತ್ತು. ಎರಡು ಪುಟ್ಟ ಮೆಶೀನು, ಕಿವಿಯ ಹಿಂದೆ ಕೂರುವಂಥವು. ಕಾವ್ಯ ಹಾಕಿ ತೋರಿಸಿ, ಒಂದೊಂದಾಗಿ ಹೇಳತೊಡಗಿದಳು. ನೀರು ತಾಗಿಸಬಾರದು, ಬ್ಯಾಟರಿ ಹೀಗೆ.

"ಇನ್ನೊಂದು ಮುಖ್ಯ ವಿಷಯ ಮೇಡಂ, ಇದರ ಮೇಲೆ ಬಟ್ಟೆ ಗಿಟ್ಟೆ ಬಿಗಿಯಾಗಿ—"

"ಗೊತ್ತಮ್ಮ," ಅಂದೆ. "ನಾನು ನೂರಾರು ಪ್ರೊಬೇಷನರ್ ನರ್ಸ್‌ಗಳಿಗೆ ಟ್ರೇನಿಂಗ್ ಕೊಟ್ಟವಳು."

ಪಾಪ, ಅಲ್ಲಿಗೆ ನಿಲ್ಲಿಸಿದಳು.

ಆಟೋ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತಿತು. ಜಗತ್ತು ಮುಳುಗುತ್ತಿದೆ ಅನ್ನಿಸಿತು. ಒಂದೊಂದು ಲಾರಿಯೂ ನನ್ನ ತಲೆಯೊಳಗೇ ಹಾರ್ನ್ ಹೊಡೆದು ಹೋಯಿತು. ಮನೆಗೆ ಬಂದರೆ ಫ್ರಿಜ್ ಗುರುಗುಟ್ಟುತ್ತಿತ್ತು, ನನ್ನ ಚಪ್ಪಲಿ ನನ್ನನ್ನೇ ಹಿಂಬಾಲಿಸುತ್ತಿತ್ತು, ಬಳೆ ಸದ್ದಿಗೆ ನಾನೇ ಎರಡು ಸಲ ತಿರುಗಿ ನೋಡಿದೆ. "ಬಂದೆ ಕಣ್ರೀ" ಅಂದೆ. ಆ ದನಿ ಕೇಳಿ ಯಾರು ಗದರಿಸಿದ್ದು ಅಂತ ಗಾಬರಿಯಾಯಿತು. ಇಷ್ಟು ವರ್ಷ ಮೂರ್ತಿಯವರು ಇದನ್ನು ಕೇಳಿಕೊಂಡು ಹೇಗೆ ಇದ್ದರೋ!

ಆಮೇಲೆ ಇನ್ನೊಂದು ಸದ್ದು. ಟಿಕ್, ಟಿಕ್. ನಡುಮನೆಯ ಗೋಡೆ ಗಡಿಯಾರ ಮೂರ್ತಿಯವರ ಕೈಯಾರೆ ರಿಪೇರಿಯಾದದ್ದು. ಅದಕ್ಕೆ ಸದ್ದಿದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಸ್ವಲ್ಪ ಹೊತ್ತು ಅದರ ಕೆಳಗೇ ನಿಂತಿದ್ದೆ.

ಇಷ್ಟಕ್ಕೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮೆಶೀನು ಹಾಕಿಕೊಂಡು ಹೊರಗೆ ಹೋದರೆ ಬರ್ಫಿ ತಿಂದವರೆಲ್ಲ ನೋಡುತ್ತಾರಲ್ಲ! ಕಿಟಕಿಯಾಚೆ ಶಮೀಮ್ ಕಂಡರೂ ಸಾಕು, ಕಿತ್ತು ಡಬ್ಬಿಗೆ ಹಾಕುತ್ತಿದ್ದೆ. ಡಬ್ಬಿಯಲ್ಲಿ ಇದ್ದದ್ದೇ ಹೆಚ್ಚು. ಮೂರ್ತಿಯವರು ಎರಡು ದಿನ ಮೇಜಿನ ಹತ್ತಿರ ಪೇಪರ್ ಹಿಡಿದು ಕೂತರು, ನನ್ನ ಬೋಳು ಕಿವಿ ನೋಡಿದರು, ಮತ್ತೆ ಗೇಟಿನ ಕಡೆ ಹೊರಟರು.

ಅಷ್ಟರಲ್ಲಿ ಜನವರಿ ಇಪ್ಪತ್ತಾರು ಬಂತು. ಲೇಔಟಿನಲ್ಲಿ ರ‍್ಯಾಂಕಿನಲ್ಲಿ ಹಿರಿಯಳು ನಾನೇ. ಧ್ವಜ ಹಾರಿಸುವುದು ನಾನು, ವಂದನೆ ಸ್ವೀಕರಿಸುವುದು ನಾನು, ಎರಡು ಮಾತು ಆಡುವುದೂ ನಾನೇ. ಸಂಘದ ಕಾರ್ಯದರ್ಶಿ ಸುಬೇದಾರ್ ಗೌಡರು ಕೊಡುವ ಆರ್ಡರ್ ಕೇಳಿಸದಿದ್ದರೆ ಮರ್ಯಾದೆ ಹೋಗುತ್ತದೆ. ಮೆಶೀನು ಹಾಕಲೇಬೇಕು. ಕಾಣಿಸಲೂಬಾರದು. ನನ್ನ ತಲೆ ಇಂಥ ಹೊತ್ತಿನಲ್ಲಿ ಚೆನ್ನಾಗಿ ಓಡುತ್ತದೆ: ಬೆಳಗಿನ ಚಳಿ ಅಂತ ಉಲ್ಲನ್ ಸ್ಕಾರ್ಫ್ ತೆಗೆದು, ಎರಡೂ ಕಿವಿ ಮುಚ್ಚುವ ಹಾಗೆ ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕಿದೆ. ಸೀರೆಯ ಮೇಲೆ ಮೆಡಲ್‌ಗಳು. ಮೂರ್ತಿಯವರು ಆಗಲೇ ಹೊರಟು ಹೋಗಿದ್ದರು; ಕನ್ನಡಿ ನೋಡಿ ನನಗೇ ಖುಷಿಯಾಯಿತು.

ಲೌಡ್‌ಸ್ಪೀಕರಿನ ದೇಶಭಕ್ತಿ ಗೀತೆಗಳ ಅಬ್ಬರದ ನಡುವೆ ಧ್ವಜ ಸರಾಗವಾಗಿ ಬಿಚ್ಚಿಕೊಂಡಿತು. ಎಪ್ಪತ್ತು ದಾಟಿದ ಕಾಲುಗಳು ಒಟ್ಟಿಗೆ ಸಾವಧಾನಕ್ಕೆ ಬಂದವು. ಗೌಡರು ಕೂಗಿದರು: "ಅಗಲಿದ ನಮ್ಮ ಯೋಧರಿಗಾಗಿ ಎರಡು ನಿಮಿಷ ಮೌನ."

ತಲೆ ಬಾಗಿಸಿದೆ. ಅಂಥ ಮೌನದಲ್ಲಿ ನಾನು ಬಹಳ ಕಡೆ ನಿಂತಿದ್ದೇನೆ. ಕೆಲವರ ಹೆಸರು ನನಗೆ ಗೊತ್ತು. ಕೆಲವರ ಕೈ ಹಿಡಿದುಕೊಂಡೂ ಇದ್ದೆ. ಕಣ್ಣು ಮುಚ್ಚಿ ಅವರನ್ನೆಲ್ಲ ನೆನೆದೆ. ಮೌನ ಅಂದರೆ ಹೀಗಿರಬೇಕು ಅಂದುಕೊಂಡೆ.

ಕಣ್ಣು ತೆರೆದರೆ ಮುಂದಿನ ಸಾಲು ಅಲ್ಲಾಡುತ್ತಿತ್ತು. ಗೌಡರು ಕುತ್ತಿಗೆ ಹೊರಳಿಸಿ ಸುತ್ತಲಿನ ಮನೆಗಳನ್ನು ದುರುಗುಟ್ಟಿ ನೋಡುತ್ತಿದ್ದರು. ಶಮೀಮ್ ಸೆರಗು ಹಿಡಿದು ಅವಳ ಮನೆಯ ಕಡೆ ಓಡುತ್ತಿದ್ದಳು. ಬಸಣ್ಣನಿಗೆ ಯಾರೋ ಸನ್ನೆ ಮಾಡಿದರು, ಅವನು ಲಾಠಿ ಹಿಡಿದು ಮನೆಮನೆಯ ಅಡುಗೆಕೋಣೆ ಇಣುಕುತ್ತಾ ಹೊರಟ. ಯೋಧರ ಮೌನದ ಹೊತ್ತಿನಲ್ಲಿ ಇದೇನು ಶಿಸ್ತು? ನನ್ನ ಕಣ್ಣಿನಲ್ಲೇ ಎಲ್ಲರನ್ನೂ ಗದರಿಸಿದೆ. ಸ್ಕಾರ್ಫ್ ಇನ್ನೂ ಸ್ವಲ್ಪ ಬಿಗಿ ಮಾಡಿಕೊಂಡೆ. ಮುಂದಿನ ಸಾಲು ಇನ್ನೂ ಜೋರಾಗಿ ಅಲ್ಲಾಡಿತು.

ಆಗ ಮೂರ್ತಿಯವರು ಸಾಲು ಬಿಟ್ಟು ಬಂದರು. ನಲವತ್ತು ವರ್ಷದಿಂದ ಡಿಪೆಂಡೆಂಟ್ ಅಂತ ಹಿಂದಿನ ಸಾಲಿನಲ್ಲೇ ಕೂತವರು, ಯಾವ ವೇದಿಕೆಯನ್ನೂ ಹತ್ತದವರು, ಸೀದಾ ಮೆಟ್ಟಿಲು ಹತ್ತಿ ಬಂದು, ಎಲ್ಲರ ಎದುರಿಗೆ, ನನ್ನ ಗದ್ದದ ಕೆಳಗಿನ ಗಂಟು ಬಿಚ್ಚಿದರು. ಸ್ಕಾರ್ಫ್ ತೆಗೆದರು. ನನ್ನ ಕಿವಿಯ ಹತ್ತಿರ ಬಾಗಿ, ಆ ವಾಚಿನ ದನಿಯಲ್ಲಿ, ಒಂದು ಮಾತು ಹೇಳಿದರು. ಎಷ್ಟೋ ವರ್ಷಗಳ ಮೇಲೆ ಅವರ ಮೆಲುಮಾತು ನನಗೆ ಅಕ್ಷರ ಅಕ್ಷರ ಸ್ಪಷ್ಟವಾಗಿ ಕೇಳಿಸಿತು.

"ವಿಸಿಲ್ ಹೊಡೀತಿರೋದು ನೀನೇ ಕಣೇ."

ಮೇಲೆ ಬಟ್ಟೆ ಬಿಗಿದರೆ ಮೆಶೀನು ಸಿಳ್ಳು ಹಾಕುತ್ತದಂತೆ. ಕಾವ್ಯ ಹೇಳಲು ಹೊರಟಿದ್ದು ಅದೇ. ಆ ಸಿಳ್ಳು ಎಲ್ಲರಿಗೂ ಕೇಳಿಸುತ್ತದೆ, ಕುಕ್ಕರಿನ ಹಾಗೆ. ನನ್ನಂಥ ಕಿವಿಗೆ ಮಾತ್ರ ಕೇಳಿಸುವುದಿಲ್ಲ, ಕುಕ್ಕರಿನ ಹಾಗೆಯೇ.

ಇನ್ನು ಮುಚ್ಚಿಡುವುದೇನು ಉಳಿದಿತ್ತು? ಮೈಕಿನ ಮುಂದೆ ನಿಂತೆ. ಬರೆದುಕೊಂಡು ಬಂದ ಭಾಷಣ ಮಡಚಿಟ್ಟೆ. ಗಾಜಿನಾಚೆಯ ಹುಬ್ಬು, ಅರ್ಜಿ, ಹಸಿರು ಇಂಕಿನ ಷರಾ, ಗೋಡೆಯ ಮೊಳೆ ಎಲ್ಲ ಹೇಳಿದೆ. ಬರ್ಫಿ ತಿಂದವರು ವಾಪಸ್ ಕೊಡಬೇಕಾಗಿಲ್ಲ ಅಂತಲೂ ಹೇಳಿದೆ. ಅಷ್ಟು ನಗು ಆ ಧ್ವಜಸ್ತಂಭ ಯಾವತ್ತೂ ಕೇಳಿರಲಿಕ್ಕಿಲ್ಲ. ನನಗೂ ಕೇಳಿಸಿತು, ಪೂರ್ತಿ.

ಇಳಿದು ಬಂದಾಗ ಗೌಡರು ಪಕ್ಕಕ್ಕೆ ಕರೆದರು. ಫಿರಂಗಿ ದಳದಲ್ಲಿದ್ದವರು. "ಮೇಡಂ, ನಂದೂ ಎಡಗಡೆದು ಅಷ್ಟಕ್ಕಷ್ಟೇ. ಮನೇಲಿ ಹೇಳಿಲ್ಲ. ಪಾಲಿಕ್ಲಿನಿಕ್ಕಲ್ಲಿ ಯಾವ ಕೌಂಟರು?" ಅವರ ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದರು, ಕಾಫಿ ಕುಡಿಯುವ ನೆಪದಲ್ಲಿ. ಎಲ್ಲರಿಗೂ ಕೌಂಟರ್ ಹೇಳಿದೆ. ಹುಬ್ಬಿನ ವಿಷಯ ಈಗಾಗಲೇ ಹೇಳಿಬಿಟ್ಟಿದ್ದರಿಂದ ಕಾವ್ಯಳಿಗೆ ಫೋನ್ ಮಾಡಿ, ಇನ್ನು ಮುಂದೆ ನಮ್ಮ ಲೇಔಟಿನವರು ಬಂದರೆ ಮೊದಲೇ ಕುರ್ಚಿ ತಿರುಗಿಸು ಅಂದೆ. ಸರ್ವಿಸ್ ಮುಗಿದರೂ ನನ್ನ ಪದ್ಧತಿ ಜಾರಿಯಲ್ಲಿದೆ ಅಂತ ಹೆಮ್ಮೆಯಾಗದೆ ಇರುತ್ತದೆಯೇ?

ಮರುದಿನ ಬೆಳಿಗ್ಗೆ ಎರಡೂ ಮೆಶೀನು ಹಾಕಿಕೊಂಡು, ಕೂದಲು ಹಿಂದಕ್ಕೆ ಬಾಚಿ, ಮೇಜಿನ ಮುಂದೆ ಕೂತೆ. ಮೂರ್ತಿಯವರು ಪೇಪರ್ ಬಿಡಿಸಿದರು. ಗಂಟಲು ಸರಿ ಮಾಡಿಕೊಂಡರು. ಓದತೊಡಗಿದರು.

ಟೆಂಡರ್ ನೋಟಿಸು.

ಯಾವುದೋ ಪಂಚಾಯಿತಿಯ ಕೊಳವೆಬಾವಿ ಮೋಟಾರು ರಿಪೇರಿಯ ಟೆಂಡರು, ಷರತ್ತುಗಳ ಸಮೇತ. ಆಮೇಲೆ ಶ್ರದ್ಧಾಂಜಲಿ ಕಾಲಂ, ವಯಸ್ಸಿನ ಸಮೇತ. ಆಮೇಲೆ ಯಾರೋ ಹೆಸರು ಬದಲಾಯಿಸಿಕೊಂಡದ್ದು. ಮೊದಲ ಪುಟದ ಗೊಡವೆಗೇ ಅವರು ಹೋಗಲಿಲ್ಲ. ಅದು ಎಲ್ಲರಿಗೂ ಟಿವಿಯಲ್ಲಿ ಗೊತ್ತಾಗುತ್ತದಂತೆ. ಇಷ್ಟು ವರ್ಷ ನಾನು 'ಹೌದಾ' ಹಾಕಿದ್ದು ಇದಕ್ಕೆ. ಮೆಶೀನಿನ ಸ್ವಿಚ್ ಎಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತು. ಕೈ ಅರ್ಧದವರೆಗೂ ಹೋಯಿತು. ಮೂರ್ತಿಯವರು ತಲೆಯೆತ್ತಿ ನೋಡಿದರು.

"ಹೂಂ," ಅಂದೆ. "ಆಮೇಲೆ?"

ಅವರ ಮುಖ ನೋಡಬೇಕಿತ್ತು ನೀವು.

ಎಂಟು ಗಂಟೆಗೆ ಹಾಲು ತರಲು ಗೇಟಿನ ಹತ್ತಿರ ಹೋದೆ. ಬಸಣ್ಣ ಸ್ಟೂಲಿನಿಂದ ಎದ್ದು, ಎದೆ ಉಬ್ಬಿಸಿ, ಒಂದು ಸೆಲ್ಯೂಟ್ ಹೊಡೆದ. ಇಡೀ ಸರ್ವಿಸಿನಲ್ಲಿ ಅಷ್ಟು ಮನಸಾರೆ ಸೆಲ್ಯೂಟ್ ನನಗೆ ಯಾರೂ ಹೊಡೆದಿರಲಿಲ್ಲ. ನಿನ್ನೆಯ ಮೆಡಲ್‌ಗಳ ಪರಿಣಾಮ ಅಂದುಕೊಂಡು ನಾನೂ ಬೆನ್ನು ನೆಟ್ಟಗೆ ಮಾಡಿ ಸ್ವೀಕರಿಸಿದೆ.

"ಸಾಹೇಬ್ರು ಇನ್ಮ್ಯಾಕೆ ಪೇಪರ್ ಮನೇಲೇ ಓದ್ತಾರಂತಲ್ಲಾ ಮೇಡಂ," ಅಂದ ಬಸಣ್ಣ. "ನಿಮ್ಮಿಂದ ಬೋ ಉಪ್ಕಾರ ಆಯ್ತು."